ಸಭೆ ಎಂದು ಬರೆದ ಗುಂಡಿ

ನಮ್ಮ ಸಭೆಯಲ್ಲಿ ನಾನು ಕೂರುವ ಜಾಗ ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದ ಮೂಲೆಯಲ್ಲಿ, ಒಂದು ಮರದ ಮೇಜಿನ ಹಿಂದೆ. ಮೇಜಿನ ಮೇಲೆ ಮಿಕ್ಸರ್ ಇದೆ. ಹಾಡುವವರ ಮೈಕು, ಪಾಸ್ಟರ್ ಮೈಕು, ಕೀಬೋರ್ಡು, ಗಿಟಾರು, ಎಲ್ಲದರ ವಯರುಗಳೂ ಅದಕ್ಕೇ ಬಂದು ಸೇರುತ್ತವೆ. ಒಂದೊಂದಕ್ಕೂ ಮೇಲೆ ಕೆಳಗೆ ಜಾರುವ ಒಂದೊಂದು ಗುಂಡಿ. ಗುಂಡಿಯ ಕೆಳಗೆ ಬಿಳಿ ಟೇಪಿನ ಮೇಲೆ ಮಾವ ತನ್ನ ಸೊಟ್ಟ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದ್ದಾನೆ. ಕೊನೆಯ ಗುಂಡಿಯ ಕೆಳಗೆ ‘ಸಭೆ’ ಎಂದಿದೆ. ಹಾಲ್‌ನ ನಡುವೆ ಚಾವಣಿಯಿಂದ ಒಂದು ಮೈಕನ್ನು ಇಳಿಬಿಟ್ಟಿದ್ದೇವೆ. ಕುರ್ಚಿಗಳಲ್ಲಿ ಕೂತ ಜನ ಹಾಡುವುದನ್ನು ಹಿಡಿಯಲಿ ಎಂದು ಹಾಕಿದ್ದು ಅದು.

ಮಾವನದು ಸ್ಪೀಕರ್ ರಿಪೇರಿ ಮಾಡುವ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಮ್ಮ ತೀರಿಕೊಂಡ ಮೇಲೆ ನಾನು ಮಾವ ಅತ್ತೆಯ ಮನೆಯಲ್ಲೇ ಬೆಳೆದೆ. ಶಾಲೆ ಬೇಗ ಬಿಟ್ಟೆ. ಎದ್ದು ನಿಂತು ಉತ್ತರ ಹೇಳು ಎಂದರೆ ನನ್ನಿಂದ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಹಾಗಿಲ್ಲ; ಕೆಟ್ಟ ಸ್ಪೀಕರು ಯಾರನ್ನೂ ಎದ್ದು ನಿಲ್ಲಿಸುವುದಿಲ್ಲ. “ಮಾತೇ ಆಡದವಳ ಕೈಗೆ ಎಲ್ಲರ ಮಾತಿನ ಗುಂಡಿ ಕೊಟ್ಟಿದ್ದಾರೆ ನೋಡಿ” ಎಂದು ಮಾವ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಾನೆ.

ಮೊದಲು ನಾವು ಸೇರುತ್ತಿದ್ದದ್ದು ಕುರ್ಚಿ ಮಂಚ ಮಾರುವ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆಯಲ್ಲಿ. ವಾರ್ನಿಷ್ ವಾಸನೆ ಮೆಟ್ಟಿಲು ಹತ್ತಿ ಪ್ರಾರ್ಥನೆಗೂ ಬರುತ್ತಿತ್ತು. ಅಲ್ಲಿ ಮೈಕ್ ಬೇಕಿರಲಿಲ್ಲ. ಬಂದವರೆಲ್ಲ ಹಾಡುತ್ತಿದ್ದರು, ಹಾಡದಿದ್ದರೆ ಪಕ್ಕದವರಿಗೆ ಗೊತ್ತಾಗುತ್ತಿತ್ತು. ಅತ್ತೆಯ ಧ್ವನಿ ಯಾವಾಗಲೂ ಶ್ರುತಿಗಿಂತ ಒಂಚೂರು ಮೇಲೆ, ಎಲ್ಲರನ್ನೂ ತಳ್ಳಿಕೊಂಡು ಬಸ್ ಹತ್ತುವವಳ ಹಾಗೆ. ಬಡಗಿ ತಾತ ಹಾಡು ಮುಗಿದು ಎಲ್ಲರೂ ಸುಮ್ಮನಾದ ಮೇಲೆ ಒಬ್ಬರೇ ತಡವಾಗಿ ‘ಆಮೆನ್’ ಅನ್ನುತ್ತಿದ್ದರು. ಮಕ್ಕಳು ಅದಕ್ಕೇ ಕಾದು ಕೂತು ಕಿಸಕ್ಕನೆ ನಗುತ್ತಿದ್ದವು.

ಹೊಸ ಹಾಲ್ ದೊಡ್ಡದು, ನುಣುಪು ನೆಲದ್ದು. ಇಲ್ಲಿಗೆ ಬಂದ ಮೇಲೆ ಕೀಬೋರ್ಡ್ ಅಣ್ಣ ಹಾಡಿನ ತಂಡ ಕಟ್ಟಿದ. ಮಕ್ಕಳಿಗೆ ಸಂಗೀತ ಹೇಳಿಕೊಡುವುದೇ ಅವನ ಕೆಲಸ; ಶ್ರುತಿ ತಪ್ಪಿದರೆ ಹಲ್ಲುನೋವು ಬಂದವನ ಹಾಗೆ ಮುಖ ಮಾಡುತ್ತಾನೆ. ಒಳ್ಳೆಯವನು. ತಂಡವೂ ಚೆನ್ನಾಗಿಯೇ ಹಾಡುತ್ತದೆ. ಚೆನ್ನಾಗಿ ಹಾಡುವವರು ಸಿಕ್ಕ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಮುಚ್ಚಿ ಎಂದು ಯಾರೂ ಹೇಳಲಿಲ್ಲ. ನನ್ನ ಜಾಗದಿಂದ ನನಗೆ ಕಾಣುವುದು ಬೆನ್ನುಗಳು ಮಾತ್ರ. ಆದರೆ ಹಾಡುವವರ ಕಿವಿಯ ಕೆಳಗೆ ದವಡೆ ಅಲ್ಲಾಡುತ್ತದೆ, ಹಿಂದಿನಿಂದಲೂ ತಿಳಿಯುತ್ತದೆ. ಸಾಲು ಸಾಲಾಗಿ ದವಡೆಗಳು ನಿಂತುಹೋಗಿದ್ದವು. ಹೆಡ್‌ಫೋನ್ ಹಾಕಿ ಸಭೆಯ ಗುಂಡಿಯೊಂದನ್ನೇ ಏರಿಸಿದರೆ ಕೆಮ್ಮು ಕೇಳುತ್ತಿತ್ತು, ಚಪ್ಪಲಿ ಉಜ್ಜುವುದು ಕೇಳುತ್ತಿತ್ತು. ಹಾಡು ಮಾತ್ರ ಸ್ಪೀಕರಿನಿಂದ ಬಂದದ್ದೇ.

ಆಮೇಲೆ ಆರಾಧನೆಯನ್ನು ಫೋನಿನಲ್ಲಿ ನೇರವಾಗಿ ತೋರಿಸಲು ಶುರುಮಾಡಿದರು. ದೂರದ ಊರುಗಳ ನಂಟರು ನೋಡಿ, “ಹಾಡಕ್ಕೆ ಆ ನಾಲ್ಕು ಜನ ಬಿಟ್ರೆ ಬೇರೆ ಯಾರೂ ಬರಲ್ವಾ?” ಎಂದು ಕೇಳಿದರಂತೆ. ಕೀಬೋರ್ಡ್ ಅಣ್ಣನಿಗೆ ಅವಮಾನವಾಯಿತು. ಹಳೆಯ ಕೋಣೆಯ ಕೊನೆಯ ಭಾನುವಾರ ನಾನು ನೆನಪಿಗೆಂದು ಫೋನಿನಲ್ಲಿ ಆರಂಭದ ಹಾಡನ್ನು ಹಿಡಿದಿಟ್ಟುಕೊಂಡಿದ್ದೆ. ಅದು ಅವನಿಗೆ ಗೊತ್ತಿತ್ತು.

“ತಂಗಿ, ಅದನ್ನ ನಮ್ಮ ಹಾಡಿನ ಕೆಳಗೆ ಸಣ್ಣಗೆ ಹಾಕು. ಹಾಲ್‌ನಲ್ಲಿ ಬೇಡ, ಫೋನಲ್ಲಿ ನೋಡೋರಿಗೆ ಮಾತ್ರ. ನಮ್ಮ ಜನರದ್ದೇ ಧ್ವನಿ ತಾನೇ, ಸುಳ್ಳೇನಲ್ವಲ್ಲ” ಎಂದ.

ಚಾವಣಿಯ ಮೈಕಿನ ವಯರು ಬಿಚ್ಚಿ ಆ ಜಾಗಕ್ಕೆ ನನ್ನ ಫೋನ್ ಸಿಕ್ಕಿಸಿದೆವು. ಅವನು ಕೀಬೋರ್ಡಿನ ತಾಳವನ್ನು ಅದಕ್ಕೆ ಸರಿಯಾಗಿ ಹೊಂದಿಸಿಕೊಂಡ. ಟೇಪಿನ ಮೇಲಿನ ಹೆಸರನ್ನು ಯಾರೂ ಬದಲಾಯಿಸಲಿಲ್ಲ. ಪ್ರತಿ ಭಾನುವಾರ ಆರಂಭದ ಹಾಡಿಗೆ ನಾನು ಆ ಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ಜಾರಿಸುತ್ತಿದ್ದೆ.

ಹೀಗಿರುವಾಗ ಅತ್ತೆ ಅಂಗಡಿಯ ಅಟ್ಟದಿಂದ ಸ್ಪೀಕರ್ ಡಬ್ಬ ಇಳಿಸಲು ಹೋಗಿ ಏಣಿಯಿಂದ ಜಾರಿ ಕಾಲು ಉಳುಕಿಸಿಕೊಂಡಳು. ಒಂದು ಭಾನುವಾರ ಬರಲಿಲ್ಲ, ಇನ್ನೊಂದು ಭಾನುವಾರವೂ ಬರಲಿಲ್ಲ. ಎರಡನೆಯ ಭಾನುವಾರ ನಾನು ಮನೆಗೆ ಬಂದಾಗ ದಿಂಬಿನ ಮೇಲೆ ಕಾಲಿಟ್ಟು, ಫೋನನ್ನು ಮಡಿಲಲ್ಲಿ ಕವುಚಿ ಹಾಕಿಕೊಂಡು ಕೂತಿದ್ದಳು.

“ಗುಬ್ಬಿ, ಇವತ್ತು ಯಾರು ಹಾಡಿದ್ದು?”

“ಎಂದಿನ ಹಾಗೇ, ತಂಡದವರು.”

“ಅವರಲ್ಲ ಕಣೆ. ಅವರ ಹಿಂದೆ. ಹೋದ ವಾರ ನನಗೆ ಬರೀ ಅನುಮಾನ. ಇವತ್ತು ಕಿವಿ ಹತ್ತಿರ ಇಟ್ಕೊಂಡು ಕೇಳಿದೆ. ಅದು ನನ್ನ ಧ್ವನಿ.”

ನಾನು ಬ್ಯಾಗನ್ನು ಕೆಳಗಿಡಲಿಲ್ಲ.

“ಎರಡನೇ ಚರಣದ ಏರಿನಲ್ಲಿ ಕಾಗೆ ಕೂಗಿದ ಹಾಗೆ ಎತ್ತೋಳು ಈ ಊರಿಗೆ ನಾನೊಬ್ಬಳೇ” ಎಂದಳು ಅತ್ತೆ. “ನಾನಿಲ್ಲಿ ಕಾಲು ಚಾಚಿಕೊಂಡು ಮಲಗಿದ್ದೀನಿ. ಅಲ್ಲಿ ನಾನೇ ಹಾಡ್ತಿದ್ದೀನಿ. ಬಡಗಿ ತಾತ ಸತ್ತು ವರ್ಷ ಆಗ್ತಾ ಬಂತು, ಅವರೂ ಆಮೆನ್ ಅಂದ್ರು.”

ನಾನು ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ; ಅದೇ ನನಗೆ ಹೆದರಿಕೆ ಹುಟ್ಟಿಸಿತು.

“ಒಳ್ಳೇದಾಯ್ತು ಬಿಡು” ಎಂದಳು. “ಬಂದ್ರೂ ಸುಮ್ನೆ ನೋಡ್ತಾ ಕೂರೋದೇ ತಾನೆ. ಅದನ್ನ ಇಲ್ಲೇ ಕೂತು ನೋಡಿದ್ರಾಯ್ತು. ಕಾಲು ವಾಸಿಯಾದ್ರೂ ನಾನಿನ್ನು ಬರಲ್ಲ.”

ಒಳಗಿನಿಂದ ಮಾವ, “ನನಗೇನೋ ಲಾಭ. ಒಂದೇ ಹೆಂಡತಿ, ಮನೇಲೂ ಇರ್ತಾಳೆ, ಚರ್ಚಲ್ಲೂ ಇರ್ತಾಳೆ” ಎಂದ. ಅತ್ತೆ ನಗಲಿಲ್ಲ. ಮಾವ ಬಾಗಿಲಿಗೆ ಬಂದು ಅವಳ ಮುಖ ನೋಡಿ ವಾಪಸು ಒಳಗೆ ಹೋದ.

ಅತ್ತೆ ಹಟಮಾರಿ. ಮಾಡಲ್ಲ ಎಂದರೆ ಮಾಡಲ್ಲ. ಆದರೆ ನನಗೆ ಪ್ರಾರ್ಥಿಸಲು ಕಲಿಸಿದವಳು ಅವಳು. ಅಮ್ಮ ತೀರಿಕೊಂಡ ವರ್ಷ ನಾನು ಯಾರೊಂದಿಗೂ ಮಾತಾಡದೆ ಇದ್ದಾಗ ಭಾನುವಾರಗಳಲ್ಲಿ ಪಕ್ಕ ಕೂರಿಸಿಕೊಂಡು, “ನೀನು ಹಾಡಬೇಡ, ನಿನ್ನ ಪಾಲಿಂದೂ ನಾನೇ ಹಾಡ್ತೀನಿ” ಎಂದು ಕಿವಿ ಕಿತ್ತುಹೋಗುವ ಹಾಗೆ ಹಾಡಿದವಳು. ಅವಳು ಮನೆಯಲ್ಲಿ ಕೂತರೆ ಅವಳ ಹಾಡು ನಿಲ್ಲುತ್ತದೆ, ಆಮೇಲೆ ಪ್ರಾರ್ಥನೆ ನಿಲ್ಲುತ್ತದೆ. ನನಗೆ ಅದು ಬಿಳಿ ಗೋಡೆಯ ಮೇಲೆ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಹಾಗಾಗಲು ಬಿಡಬಾರದು ಎಂದು ಅಲ್ಲೇ ನಿಂತು ನಿಶ್ಚಯಿಸಿದೆ. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಆ ತಿಂಗಳು ಪಾಸ್ಟರ್ ‘ಆರೋಗ್ಯವಂತ ಸಭೆ’ ಎಂಬ ವಿಷಯದ ಮೇಲೆ ಪ್ರಸಂಗ ಮಾಡುತ್ತಿದ್ದರು. ವೇದಿಕೆಯ ಹಿಂದೆ ಅದರದೇ ಬ್ಯಾನರ್ ಇತ್ತು. ಪಾಸ್ಟರ್ ಚಿಕ್ಕ ವಯಸ್ಸಿನವರು, ಶ್ರಮಪಡುವವರು. ಮೈಕಿನ ಬ್ಯಾಟರಿ ತಗೊಳ್ಳಲು ಅಂಗಡಿಗೆ ಬಂದವರಿಗೆ ಮಾವ ಅತ್ತೆ ಬಿದ್ದ ವಿಷಯ ಹೇಳಿದ. ಅವರು ಗಾಬರಿಯಾಗಿ ಅಲ್ಲಿಂದ ನೇರವಾಗಿ ಮನೆಗೇ ಬಂದರು.

“ಅಕ್ಕ, ನೀವು ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ” ಎಂದರು.

“ಹೇಗೆ ಗೊತ್ತಾಗತ್ತೆ ಪಾಸ್ಟರ್” ಎಂದಳು ಅತ್ತೆ. “ಕಾಲು ಉಳುಕಿದ ದಿನ ನನ್ನ ಇಡೀ ಮೈ ನಿದ್ದೆ ಮಾಡಲಿಲ್ಲ. ತಲೆ ನೋವು, ಬೆನ್ನು ನೋವು, ಹಲ್ಲು ಕೂಡ ನೋಯ್ತು. ಸಭೆಯೂ ಒಂದೇ ಮೈ ಅಂತೀರಲ್ಲ. ನಾನು ಎರಡು ವಾರ ಬರಲಿಲ್ಲ, ಸಭೆ ಮಾತ್ರ ಗಡದ್ದಾಗಿ ನಿದ್ದೆ ಮಾಡ್ತು. ಯಾವ ಮೈಗೆ ಆರೋಗ್ಯ ಇದೆ ನೀವೇ ಹೇಳಿ.”

ಪಾಸ್ಟರ್ ತಲೆ ತಗ್ಗಿಸಿದರು. ಅತ್ತೆ ಕೆಟ್ಟವಳಲ್ಲ; ಕೂಡಲೇ, “ಬೇಜಾರು ಮಾಡ್ಕೋಬೇಡಿ, ನಾನಂತೂ ವಾರ ತಪ್ಪದೆ ಹಾಡ್ತಿದ್ದೀನಿ” ಎಂದು ನಕ್ಕು ಫೋನ್ ತೋರಿಸಿದಳು. ಪಾಸ್ಟರಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಲೋಟವನ್ನು ಪಾಸ್ಟರ್ ಕೈಗಿಟ್ಟೆ. ಆಮೇಲೆ ಹೇಳಿದೆ: ಹಳೆಯ ಕೋಣೆಯ ಹಾಡು, ಬಿಚ್ಚಿದ ವಯರು, ನಿಂತ ದವಡೆಗಳು.

“ಯಾರೂ ಹಾಡ್ತಿಲ್ವಾ?” ಎಂದರು ಪಾಸ್ಟರ್. “ವೇದಿಕೆ ಮೇಲೆ ನಿಂತ್ರೆ ಭರ್ತಿ ಕೇಳತ್ತಲ್ಲ.”

“ಅದು ನಿಮ್ಮ ಕಾಲ ಹತ್ರ ಇರೋ ಸ್ಪೀಕರ್ ಪಾಸ್ಟರ್. ತಂಡದ್ದೇ ನಿಮಗೆ ವಾಪಸ್ ಬರತ್ತೆ.”

ಅವರು ನೀರು ಕುಡಿಯದೆ ಲೋಟ ಹಿಡಿದುಕೊಂಡೇ ಕೂತರು. ನಾನು ಆವರೆಗೆ ಯೋಚಿಸಿಯೇ ಇರದ ಮಾತು ಬಾಯಿಗೆ ಬಂತು. “ಈ ಭಾನುವಾರ ನಾನು ಅದನ್ನ ಹಾಕಲ್ಲ. ಮೇಲಿನ ಮೈಕನ್ನೇ ಮತ್ತೆ ಸಿಕ್ಕಿಸ್ತೀನಿ. ಆರಂಭದ ಹಾಡಿಗೆ ತಂಡದ ಮೈಕುಗಳನ್ನೂ ನಿಲ್ಲಿಸ್ತೀನಿ. ನೀವು ಒಪ್ಪಬೇಕು.”

“ಜನ ಹಾಡದೆ ಹೋದ್ರೆ?”

“ಹಾಡಲಿಲ್ಲ ಅಂತ ಎಲ್ಲರಿಗೂ ಕೇಳಲಿ.”

ಅತ್ತೆ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ನಾನು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಪಾಸ್ಟರ್ ಎದ್ದು ನಿಂತು, “ಆಗಲಿ. ಒಂದು ಹಾಡು. ಕೆಟ್ಟರೆ ಹೊಣೆ ನನ್ನದು” ಎಂದರು. ಹೋಗುವಾಗ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದರು.

ಕೀಬೋರ್ಡ್ ಅಣ್ಣನಿಗೆ ಬೇರೆಯವರಿಂದ ತಿಳಿಯುವುದು ಬೇಡ ಎಂದು ನಾನೇ ಅವನು ಪಾಠ ಹೇಳುವ ಕೋಣೆಗೆ ಹೋದೆ. ಮಕ್ಕಳನ್ನು ಕಳಿಸಿ ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಿದ್ದ. ಕೇಳಿ ಅವನ ಕಿವಿ ಕೆಂಪಾಯಿತು.

“ವಾರವೆಲ್ಲ ಗಂಟಲು ಹರ್ಕೊಂಡು ಅಭ್ಯಾಸ ಮಾಡೋರು ನಾವು. ಈಗ ನಾವೇ ಅವರ ಬಾಯಿಗೆ ಬೀಗ ಹಾಕಿದ ಹಾಗೆ ಆಯ್ತಾ?”

“ಇಲ್ಲಣ್ಣ. ನೀವು ಚೆನ್ನಾಗಿ ಹಾಡ್ತೀರ. ಅದು ಸುಳ್ಳಲ್ಲ. ಆದ್ರೆ ಬಡಗಿ ತಾತನ ಆಮೆನ್ ಸುಳ್ಳು.”

ಬಟ್ಟೆಯ ಮೂಲೆ ಎಳೆಯುತ್ತಿದ್ದ ಅವನ ಕೈ ನಿಂತಿತು. ಆ ಆಮೆನ್ ಅದರಲ್ಲಿದೆ ಎಂಬುದನ್ನೇ ಅವನು ಗಮನಿಸಿರಲಿಲ್ಲ. ತಾತನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

“ಶ್ರುತಿ ಕೊಟ್ಟು ಸುಮ್ಮನಾಗ್ತೀನಿ” ಎಂದ ಕೊನೆಗೆ. “ಎಕ್ಕುಟ್ಟಿ ಹೋದ್ರೆ ನನ್ನ ಹತ್ರ ಅಳ್ತಾ ಬರಬೇಡ.”

ಭಾನುವಾರ ಅತ್ತೆ ಬರಲಿಲ್ಲ. ಕಾಲು ಊರಬಹುದಾಗಿತ್ತು, ಆದರೂ ಬರಲಿಲ್ಲ. ಅವಳ ಜೊತೆಗೆಂದು ಮಾವನೂ ಉಳಿದ. ನಾನು ಮುಂಚೆಯೇ ಹೋಗಿ ಚಾವಣಿಯ ಮೈಕಿನ ವಯರನ್ನು ಅದರ ಜಾಗಕ್ಕೆ ಸಿಕ್ಕಿಸಿ, ಒಮ್ಮೆ ಚಪ್ಪಾಳೆ ತಟ್ಟಿ ನೋಡಿ ಕೂತೆ.

ಪಾಸ್ಟರ್ ಎದ್ದು, “ಇವತ್ತು ಮೊದಲನೇ ಹಾಡನ್ನ ನೀವೇ ಹಾಡಬೇಕು” ಎಂದರು. ಜನ ಬೇರೆ ಯಾರಿಗೋ ಹೇಳಿದರು ಎಂಬಂತೆ ನಸುನಕ್ಕರು. ಕೀಬೋರ್ಡ್ ಅಣ್ಣ ಶ್ರುತಿ ಕೊಟ್ಟು ಕೈ ಕಟ್ಟಿಕೊಂಡ. ನಾನು ಗುಂಡಿಗಳನ್ನೆಲ್ಲ ಇಳಿಸಿ ಒಂದನ್ನು ಮಾತ್ರ ಏರಿಸಿದೆ.

ತಂಡದವರು ‘ಕರ್ತನೇ’ ಎಂದು ತೆಗೆದರು. ಮೈಕಿಲ್ಲದ ಅವರ ಧ್ವನಿ ಆ ದೊಡ್ಡ ಹಾಲ್‌ನಲ್ಲಿ ದಾರದಷ್ಟು ತೆಳ್ಳಗಿತ್ತು. ಉಳಿದವರೆಲ್ಲ ಒಟ್ಟಿಗೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಅಷ್ಟು ಮುಖಗಳನ್ನು ನಾನು ಒಮ್ಮೆಲೇ ಎಂದೂ ನೋಡಿರಲಿಲ್ಲ. ಕೆಲವರು ಕೈಯನ್ನು ಮೇಲೆತ್ತಿ ಎತ್ತಿ ಏರಿಸು ಎಂದರು. ಔಷಧಿ ಅಂಗಡಿಯ ಅಂಕಲ್ ಎದ್ದು ನಡುದಾರಿಯಲ್ಲಿ ಬಿರಬಿರನೆ ನನ್ನ ಮೇಜಿಗೆ ಬಂದರು.

“ಏನಮ್ಮ, ಮೈಕ್ ಕೆಟ್ಟಿದೆಯಾ?”

“ಇಲ್ಲ ಅಂಕಲ್, ಚೆನ್ನಾಗಿದೆ.”

“ಮತ್ತೆ ಹಾಕು.”

“ಹಾಕಲ್ಲ. ನೀವು ಹಾಡಿ.”

ಅವರು ಕಣ್ಣು ಪಿಳಿಪಿಳಿ ಬಿಟ್ಟರು. ಹೆಡ್‌ಫೋನಿನಲ್ಲಿ ಚಪ್ಪಲಿಯ ಸದ್ದು, ಯಾರೋ ಗಂಟಲು ಸರಿಮಾಡಿಕೊಂಡದ್ದು, ಒಂದು ಮಗುವಿನ ಆಕಳಿಕೆ. ಅತ್ತೆಯೂ ಈಗ ಮನೆಯಲ್ಲಿ ಇದನ್ನೇ ಕೇಳುತ್ತಿದ್ದಾಳೆ ಎನ್ನಿಸಿತು. ಇದನ್ನೇ ಕೇಳಿ, ನಾನು ಹೇಳಲಿಲ್ವಾ ಎಂದು ಫೋನ್ ಕವುಚಿ ಹಾಕುತ್ತಾಳೆ. ನಾನು ಹೆಡ್‌ಫೋನ್ ತೆಗೆದಿಟ್ಟು, ಎದ್ದು ನಿಂತು, ಮುಂದಿನ ಸಾಲನ್ನು ಹಾಡಿದೆ.

ಎಣ್ಣೆ ಕಾಣದ ಬಾಗಿಲಿನ ಧ್ವನಿ ನನ್ನದು. ಎದುರಿಗೇ ನಿಂತಿದ್ದ ಅಂಕಲ್ಲಿಗೆ ವಾಪಸು ಹೋಗಲೂ ಆಗದೆ, ಸುಮ್ಮನೆ ನಿಲ್ಲಲೂ ಆಗದೆ ಇಕ್ಕಟ್ಟಾಯಿತು. ಬೇರೆ ದಾರಿ ಕಾಣದೆ ಅವರೂ ಹಾಡಿದರು. ನಮ್ಮ ಮುಂದಿನ ಸಾಲಿನ ಒಬ್ಬ ಹೆಂಗಸು ನಮಗೆ ನೆರವಾಗಲೆಂದೋ ಮುಚ್ಚಿಹಾಕಲೆಂದೋ ದನಿ ಕೂಡಿಸಿದಳು. ಒಂದು ದವಡೆ ಅಲ್ಲಾಡಿತು, ಅದರ ಪಕ್ಕದ್ದು ಅಲ್ಲಾಡಿತು. ಹಾಡು ನಡೆಯಿತು, ಆದರೆ ಕುಂಟುತ್ತಾ ನಡೆಯಿತು. ಮುಂದಿನವರು ಒಂದು ಸಾಲು ಮುಗಿಸುವಾಗ ಹಿಂದಿನವರು ಅದೇ ಸಾಲಿನ ನಡುವೆ ಇದ್ದರು. ಪಾಸ್ಟರ್ ವೇದಿಕೆಯಿಂದ ಇಳಿದು ನಡುದಾರಿಗೆ ಬಂದು ಕುರ್ಚಿಯ ಬೆನ್ನು ತಟ್ಟಿ ತಾಳ ಹಾಕಿದರು. ಕೀಬೋರ್ಡ್ ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಪ್ರಾರ್ಥನೆಗೋ ಹಲ್ಲುನೋವಿಗೋ ತಿಳಿಯಲಿಲ್ಲ.

ಎರಡನೆಯ ಚರಣದಲ್ಲಿ ಒಂದು ಏರು ಇದೆ. ಹಳೆಯ ಕೋಣೆಯಲ್ಲಿ ಅತ್ತೆ ಅದನ್ನು ಎತ್ತಿದ ಮೇಲೆಯೇ ಎಲ್ಲರೂ ಎತ್ತುತ್ತಿದ್ದದ್ದು. ಈಗ ಅಲ್ಲಿಗೆ ಬಂದು ಇಡೀ ಸಭೆ, ಮೆಟ್ಟಿಲೊಂದು ಕಿತ್ತುಹೋದ ಜಾಗದಲ್ಲಿ ಕಾಲು ಎತ್ತಿ ನಿಂತವರಂತೆ ಗಕ್ಕನೆ ನಿಂತಿತು. ಎಲ್ಲರೂ ಯಾರಿಗೋ ಕಾದರು. ಕೆಲವರು ಅತ್ತೆ ಕೂರುತ್ತಿದ್ದ ಕುರ್ಚಿಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ಕುರ್ಚಿ ಖಾಲಿ ಇತ್ತು. ಆಮೇಲೆ ಯಾರೋ ಕೆಳಗಿನಿಂದಲೇ ಹೇಗೋ ದಾಟಿಸಿಕೊಂಡು ಹೋದರು. ಹಾಡು ಮುಗಿಯಿತು. ಮುಗಿದ ಮೇಲಿನ ಮೌನದಲ್ಲಿ ತಡವಾದ ಆಮೆನ್ ಬರಲಿಲ್ಲ. ಬಡಗಿ ತಾತನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆರಾಧನೆ ಮುಗಿದ ಮೇಲೆ ಬೈದವರೂ ಇದ್ದರು. “ನಂಟರೆಲ್ಲ ನೋಡ್ತಿದ್ರು, ಮಾನ ಹೋಯ್ತು” ಎಂದು ಒಬ್ಬರು ಪಾಸ್ಟರ್ ಮುಂದೆ ಮುಖ ಗಂಟಿಕ್ಕಿ ನಿಂತರು. ಪಾಸ್ಟರ್, “ಹೌದು, ಹೋಯ್ತು. ಮುಂದಿನ ವಾರವೂ ಮೊದಲನೇ ಹಾಡು ಹೀಗೇ” ಎಂದರು. ಬಡಗಿ ತಾತನ ಹೆಂಡತಿ ಮೆಲ್ಲಗೆ ನನ್ನ ಮೇಜಿಗೆ ಬಂದು, ಫೋನಲ್ಲಿ ತಾತನ ಧ್ವನಿ ಬರುತ್ತಿತ್ತಂತಲ್ಲ, ಅದು ಹೋಯಿತೇ ಎಂದು ಕೇಳಿದರು. ನಾನು ಅವರ ಫೋನ್ ಇಸಿದುಕೊಂಡು ಆ ಹಳೆಯ ಹಾಡನ್ನು ಅದಕ್ಕೆ ಹಾಕಿಕೊಟ್ಟೆ. “ಇನ್ಮೇಲೆ ಇದು ನಿಮ್ಮದು ಅಜ್ಜಿ” ಎಂದೆ.

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕುಳಿತಿರಲಿಲ್ಲ, ನಿಂತಿದ್ದಳು. ಮುಖ ಕೆಂಡವಾಗಿತ್ತು.

“ಅದೇನು ಹಾಡು ಅದು? ಹಿಂದಿನೋರು ಒಂದು ಊರಲ್ಲಿ, ಮುಂದಿನೋರು ಒಂದು ಊರಲ್ಲಿ. ಆ ಏರು ಬಂದಾಗ ಯಾರಿಗೂ ಬಾಯಿ ಇರಲಿಲ್ವಾ?”

“ನೀನು ಇರಲಿಲ್ಲ ಅತ್ತೆ.”

“ನಾನು ಇಲ್ಲಿಂದ ಎತ್ತಿದೆ” ಎಂದಳು.

“ಎತ್ತಿದ್ದು ನಿಜ” ಎಂದ ಮಾವ. “ಫೋನ್ ಎದುರು ಎದ್ದು ನಿಂತು ಎತ್ತಿದಳು. ಮತ್ತೆ ಯಾರು ಬಿದ್ರು ಅಂತ ಪಕ್ಕದ ಮನೆಯೋರು ಓಡಿ ಬಂದ್ರು.”

ಅತ್ತೆ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. “ಎಲ್ರೂ ಕಾಯ್ತಿದ್ರು ಕಣೆ” ಎಂದಳು, ಈಗ ಸಣ್ಣ ದನಿಯಲ್ಲಿ. “ನನಗೆ ಕೇಳಿಸ್ತು. ಅಲ್ಲಿ ನಿಂತು ಕಾದ್ರು. ಎಷ್ಟು ಕೂಗಿದ್ರೂ ಇಲ್ಲಿಂದ ಅಲ್ಲಿಗೆ ಮುಟ್ಟಲಿಲ್ಲ.” ಆಮೇಲೆ ಮತ್ತೆ ಮೊದಲಿನ ಧ್ವನಿ ಬಂತು. “ಹಾಗೇ ಬಿಟ್ಟು ಮನೇಲಿ ಕೂತ್ಕೊಳಕ್ಕಾಗತ್ತಾ? ಆ ಹಿಂದಿನ ಸಾಲಿನೋರಿಗೆಲ್ಲ ಹೇಳು, ಬುಧವಾರ ಅಂಗಡಿಗೆ ಬರಲಿ. ಎರಡನೇ ಚರಣ ಕಲಿಸ್ತೀನಿ. ಔಷಧಿ ಅಂಗಡಿಯೋನಿಗೂ ಹೇಳು. ಅವನದು ಗಂಡು ಧ್ವನಿ, ಸುಮ್ನೆ ಹಾಳಾಗ್ತಿದೆ.”

ಬುಧವಾರ ಹಿಂದಿನ ಸಾಲಿನವರಲ್ಲಿ ಅರ್ಧ ಜನ ಬಂದರು. ರಿಪೇರಿಗೆ ಬಂದ ಸ್ಪೀಕರುಗಳ ಮೇಲೆಯೇ ಕೂತು ಕಲಿತರು.

ಮರುವಾರ ಅತ್ತೆ ಕೋಲೂರಿಕೊಂಡು ಬಂದು, ಬೇಕೆಂದೇ ಚಾವಣಿಯ ಮೈಕಿಗೆ ಸರಿಯಾಗಿ ಕೆಳಗೆ ಕೂತಳು. ಕೀಬೋರ್ಡ್ ಅಣ್ಣ ಶ್ರುತಿ ಕೊಟ್ಟ. ಎರಡನೆಯ ಚರಣದ ಏರಿನಲ್ಲಿ ಅತ್ತೆ ಎತ್ತಿದಳು, ಶ್ರುತಿಗಿಂತ ಒಂಚೂರು ಮೇಲಕ್ಕೇ. ಹಿಂದಿನ ಸಾಲಿನವರು ಅವಳು ಕಲಿಸಿದ ಹಾಗೆ ಅವಳ ಜೊತೆಗೇ ತಪ್ಪಾಗಿ ಎತ್ತಿದರು. ನನ್ನ ಹೆಡ್‌ಫೋನ್ ತುಂಬಿಹೋಯಿತು. ವೇದಿಕೆಯ ಮೇಲಿನಿಂದ ಕೀಬೋರ್ಡ್ ಅಣ್ಣ ಹಲ್ಲುನೋವಿನ ಮುಖ ಮಾಡಿಕೊಂಡು, ಎರಡು ಬೆರಳು ಕೆಳಗೆ ಮಾಡಿ, ಇಳಿಸು, ಸ್ವಲ್ಪ ಇಳಿಸು ಎಂದು ನನಗೆ ಸನ್ನೆ ಮಾಡಿದ.

ನಾನು ಬೆರಳನ್ನು ಸಭೆಯ ಗುಂಡಿಯ ಮೇಲಿಟ್ಟೆ. ಹಾಡು ಮುಗಿದು, ಎಲ್ಲರೂ ಸುಮ್ಮನಾಗಿ, ಬಡಗಿ ತಾತನ ಹೆಂಡತಿ ತಡವಾಗಿ ‘ಆಮೆನ್’ ಎನ್ನುವವರೆಗೂ ಅದನ್ನು ಅಲುಗಾಡಲು ಬಿಡದೆ ಹಿಡಿದುಕೊಂಡೇ ನಿಂತಿದ್ದೆ.